ಶಿವಾಚಾರ ಮತ್ತು ನನ್ನ ಮಗಳ ನಿಶ್ಚಿತಾರ್ಥ

ಒಂದು ವಚನವನ್ನು ಎತ್ತಿಕೊಂಡು ಅದರ ಪದಾರ್ಥ, ಭಾವಾರ್ಥಗಳನ್ನು ಬಿಡಿಸಿ ನಿಮ್ಮ ಮುಂದಿಡುವುದು ನಾನು ಬಹುಕಾಲದಿಂದ ನಡೆಸಿಕೊಂಡು ಬಂದ ಸೇವೆ. ಈ ಸಲ ಹಾಗೆ ಮಾಡಲು ಮನಸ್ಸು ಒಪ್ಪಲಿಲ್ಲ. ವಚನದ ಅರ್ಥವನ್ನು ಹೇಳುವವನಿಗೆ ಆ ಅರ್ಥ ಎಷ್ಟರಮಟ್ಟಿಗೆ ದಕ್ಕಿದೆ ಎಂಬ ಪ್ರಶ್ನೆ ನನ್ನ ಮನೆಯ ಪಡಸಾಲೆಯಲ್ಲಿಯೇ ಎದ್ದು ನಿಂತಿತು. ಅದಕ್ಕೆ ಕಾರಣಳಾದವಳು ನನ್ನ ಮಗಳು. ಆಕೆ ಅಂತರ್ಜಾಲದ ಮೂಲಕ ಒಬ್ಬ ಯುವಕನನ್ನು ಕಂಡುಕೊಂಡದ್ದು, ನಾನು ಅದಕ್ಕೆ ಅಡ್ಡವಾಗಿ ನಿಂತದ್ದು, ಕೊನೆಗೆ ಇಬ್ಬರ ನಿಶ್ಚಿತಾರ್ಥ ನೆರವೇರಿದ್ದು, ಇಷ್ಟೇ ಇಲ್ಲಿಯ ಕಥೆ. ಇದರಲ್ಲಿ ನನ್ನ ದೊಡ್ಡಸ್ತಿಕೆ ಏನೂ ಇಲ್ಲ. ಇರುವುದೆಲ್ಲ ನನ್ನ ತಪ್ಪಿನ ಲೆಕ್ಕ. ನನ್ನಂತೆ ಮಕ್ಕಳ ಮದುವೆಯ ಚಿಂತೆಯಲ್ಲಿರುವ ತಂದೆತಾಯಿಗಳಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ನಾನು ಧಾರವಾಡದಲ್ಲಿ ಪ್ರೌಢಶಾಲೆಯ ಕನ್ನಡ ಶಿಕ್ಷಕನಾಗಿ ದುಡಿದು ನಿವೃತ್ತನಾದವನು. ಶ್ರೀಮಠದಲ್ಲಿ ಶ್ರಾವಣಮಾಸದ ಪರ್ಯಂತ ನಡೆಯುವ ಪ್ರವಚನದಲ್ಲಿ ಕೆಲವು ದಿನಗಳ ಸೇವೆ ನನ್ನ ಪಾಲಿಗೆ ಬರುತ್ತದೆ. ಅಷ್ಟಾವರಣ, ಪಂಚಾಚಾರ, ಷಟ್‌ಸ್ಥಲಗಳನ್ನು ಎಷ್ಟು ಸಲ ವಿವರಿಸಿದ್ದೇನೋ ಲೆಕ್ಕವಿಲ್ಲ. ಪಂಚಾಚಾರಗಳೆಂದರೆ ಲಿಂಗಾಚಾರ, ಸದಾಚಾರ, ಶಿವಾಚಾರ, ಭೃತ್ಯಾಚಾರ, ಗಣಾಚಾರ ಎಂಬುದು ನಿಮಗೆಲ್ಲ ತಿಳಿದದ್ದೇ. ಇವುಗಳಲ್ಲಿ ಮೂರನೆಯದಾದ ಶಿವಾಚಾರದ ತಿರುಳು ಬಹಳ ಸರಳವಾದುದು. ಲಿಂಗವನ್ನು ಧರಿಸಿದವರೆಲ್ಲರೂ ಸಮಾನರು. ಅವರ ಹಿಂದಿನ ಕುಲವನ್ನಾಗಲಿ, ಕಸುಬನ್ನಾಗಲಿ ಎಣಿಸಲಾಗದು. ಅವರೊಡನೆ ಕೂಡಿ ಉಣ್ಣಬೇಕು, ಹೆಣ್ಣು ಕೊಟ್ಟು ತರುವ ಸಂಬಂಧ ಬೆಳೆಸಬೇಕು. ಕೂಡಿ ಉಣ್ಣುವುದು, ಕೊಟ್ಟು ತರುವುದು ಎಂಬ ಈ ಎರಡು ಮಾತುಗಳನ್ನು ಕಪ್ಪುಹಲಗೆಯ ಮೇಲೆ ಬರೆದಂತೆ ಬಿಡಿಸಿ ಬಿಡಿಸಿ ಹೇಳಿದವನು ನಾನು. ಹರಳಯ್ಯನವರ ಮಗ ಶೀಲವಂತನಿಗೂ ಮಧುವರಸರ ಮಗಳಿಗೂ ಕಲ್ಯಾಣದಲ್ಲಿ ನಡೆದ ವಿವಾಹವನ್ನೂ, ಅದಕ್ಕಾಗಿ ಆ ಶರಣರು ತೆತ್ತ ಬೆಲೆಯನ್ನೂ ಹೇಳುವಾಗ ನನ್ನ ಕಣ್ಣು ತುಂಬಿ ಬರುತ್ತಿತ್ತು. ಕೇಳುವವರ ಕಣ್ಣೂ ತುಂಬುತ್ತಿತ್ತು. ಪ್ರವಚನ ಮುಗಿದ ಮೇಲೆ ಪ್ರಸಾದ ಸ್ವೀಕರಿಸಿ ಎಲ್ಲರೂ ತಮ್ಮ ತಮ್ಮ ಮನೆಗೆ, ತಮ್ಮ ತಮ್ಮ ಒಳಪಂಗಡಕ್ಕೆ ಹಿಂದಿರುಗುತ್ತಿದ್ದೆವು.

2021ರಲ್ಲಿ ಮಗಳಿಗೆ ವರನನ್ನು ಹುಡುಕಲು ಆರಂಭಿಸಿದೆವು. ನಮ್ಮ ಕಾಲದಲ್ಲಿ ಈ ಕೆಲಸವನ್ನು ಮಾಡುತ್ತಿದ್ದವರು ಬಂಧುಬಳಗದ ಹಿರಿಯರು, ಜಾತ್ರೆ ಮತ್ತು ಮದುವೆಗಳಲ್ಲಿ ಭೇಟಿಯಾಗುವ ಪರಿಚಿತರು, ಊರೂರು ತಿರುಗುವ ಮಧ್ಯಸ್ಥರು. ಈಗ ಆ ಸ್ಥಾನವನ್ನು ಜಾಲತಾಣಗಳು ಹಿಡಿದಿವೆ. ಭಾರತದಲ್ಲಿ ವಿವಾಹ ಜಾಲತಾಣಗಳು 1990ರ ದಶಕದ ಕೊನೆಯ ಭಾಗದಲ್ಲಿಯೇ ಹುಟ್ಟಿಕೊಂಡವು. ಭಾರತ್ ಮ್ಯಾಟ್ರಿಮೊನಿಯನ್ನು ಕಟ್ಟಿದ ಮುರುಗವೇಲ್ ಜಾನಕಿರಾಮನ್ ಅವರ ವಿವಾಹವೂ ಅವರ ಜಾಲತಾಣದ ಮೂಲಕವೇ ಕೂಡಿಬಂದಿತು. ಇಂಥ ತಾಣಗಳಲ್ಲಿ ಇಂದು ಭಾಷೆಗೊಂದು, ಜಾತಿಗೊಂದು ಬಾಗಿಲು. ನನ್ನ ತಮ್ಮನ ಮಗ ಗಣಕಯಂತ್ರದ ಮುಂದೆ ಕುಳಿತು ಕೇಳುತ್ತ ಹೋದ, ನಾನು ಹೇಳುತ್ತ ಹೋದೆ. ಹೆಸರು, ವಯಸ್ಸು, ಎತ್ತರ, ವಿದ್ಯೆ, ಸಂಬಳ, ಬಣ್ಣ. ಆಮೇಲೆ ಬಂದದ್ದು ಒಳಪಂಗಡದ ಕಾಲಂ. ಅದನ್ನು ಒತ್ತಿದೊಡನೆ ನಮ್ಮ ಸಮಾಜದ ಒಳಪಂಗಡಗಳೆಲ್ಲ ಉದ್ದಕ್ಕೆ ಸಾಲಾಗಿ ತೆರೆದುಕೊಂಡವು. ಅದರಲ್ಲಿ ನಮ್ಮದನ್ನು ಗುರುತಿಸಿದೆವು. ಅದರ ಕೆಳಗೆ ಇನ್ನೊಂದು ಪ್ರಶ್ನೆ ಇತ್ತು: ಬೇರೆ ಒಳಪಂಗಡದವರು ನಿಮ್ಮನ್ನು ಸಂಪರ್ಕಿಸಬಹುದೇ?

ಹುಡುಗ ನನ್ನ ಮುಖ ನೋಡಿದ. "ಬ್ಯಾಡ ಅಂತ ಒತ್ತು" ಎಂದೆ.

ಆ ಮಾತನ್ನು ಹೇಳುವಾಗ ನನಗೆ ಯಾವ ಸಂಕೋಚವೂ ಆಗಲಿಲ್ಲ. ಅದೊಂದು ಪಾಪವೆಂದಾಗಲಿ, ಆಚಾರಭಂಗವೆಂದಾಗಲಿ ಹೊಳೆಯಲೇ ಇಲ್ಲ. ಎಲ್ಲರೂ ಹಾಗೆಯೇ ಮಾಡುತ್ತಾರೆ ಎಂಬ ಒಂದು ಭಾವನೆ, ಅಷ್ಟೇ. ಇನ್ನೊಂದು ಸಂಗತಿಯನ್ನೂ ಮುಚ್ಚಿಡಲಾರೆ. ಆ ಗುರುತು ಹಾಕಿದ ಕೋಣೆಯ ಗೋಡೆಯ ಮೇಲೆ ಅಣ್ಣನವರ ಭಾವಚಿತ್ರವಿತ್ತು.

ಅಲ್ಲಿಂದ ಮುಂದೆ ಬಂದ ಸಂಬಂಧಗಳ ವಿಷಯವನ್ನು ಹೆಚ್ಚು ಬೆಳೆಸುವುದಿಲ್ಲ. ಮೂರು ಕಡೆಯವರು ಹೆಣ್ಣು ನೋಡಲು ಬಂದರು. ಒಬ್ಬರಿಗೆ ಮಗಳ ಬಣ್ಣ ಕಡಿಮೆ ಎನಿಸಿತು. ಇನ್ನೊಬ್ಬರು ಮದುವೆಯ ನಂತರ ನೌಕರಿ ಬಿಡಬೇಕೆಂದರು. ಮೂರನೆಯವರು ಎಲ್ಲವನ್ನೂ ಒಪ್ಪಿ, ಹೋಗುವಾಗ ಬಾಗಿಲಲ್ಲಿ ನಿಂತು, ಬೆಂಗಳೂರಿನಲ್ಲಿ ಮನೆಯೊಂದನ್ನು ಮಾಡಿಕೊಡುವ ಶಕ್ತಿ ನಮಗಿದೆಯೇ ಎಂದು ಮೆಲ್ಲಗೆ ವಿಚಾರಿಸಿದರು. ಮೂವರೂ ನಮ್ಮ ಒಳಪಂಗಡದವರೇ. ಮೂವರೂ ಕೊರಳಲ್ಲಿ ಲಿಂಗ ಕಟ್ಟಿದವರೇ. ಮೂರನೆಯವರು ಹೋದ ರಾತ್ರಿ ಮಗಳು, "ಅಪ್ಪಾಜಿ, ಇನ್ನ ಮ್ಯಾಲ ನನ್ನ ಉಪ್ಪಿಟ್ಟಿನ ಪ್ಲೇಟ್ ಹಿಡಕೊಂಡು ಹೊರಗ ಬಾ ಅನಬ್ಯಾಡ್ರಿ" ಎಂದಷ್ಟೇ ಹೇಳಿ ಬೆಂಗಳೂರಿನ ಬಸ್ಸು ಹತ್ತಿದಳು.

ಮುಂದೆ 2023ರ ಮಳೆಗಾಲದಲ್ಲಿ ಆಕೆ ತಾನೇ ಒಂದು ದಾರಿ ಹಿಡಿದಳು. ಡೇಟಿಂಗ್ ಎಂಬ ಹೆಸರು ಕೇಳಿದರೇ ನಮ್ಮಂಥವರ ಕಿವಿ ಕೆಂಪಾಗುತ್ತದೆ. ನನ್ನದೂ ಆಗಿತ್ತು. ಆದ್ದರಿಂದ ಅದು ಏನೆಂಬುದನ್ನು ಮಗಳಿಂದಲೇ ತಿಳಿದುಕೊಂಡಂತೆ ಇಲ್ಲಿ ಹೇಳುತ್ತೇನೆ. ಅಮೆರಿಕದಲ್ಲಿ 1995ರಲ್ಲಿಯೇ ಮ್ಯಾಚ್ ಡಾಟ್ ಕಾಮ್ ಎಂಬ ತಾಣ ಇಂಥ ಪರಿಚಯಕ್ಕಾಗಿ ತೆರೆದಿತ್ತು. 2012ರಲ್ಲಿ ಟಿಂಡರ್ ಬಂದ ಮೇಲೆ ಇದು ಮೊಬೈಲಿನೊಳಗೆ ಸೇರಿತು. ವಿವಾಹ ಜಾಲತಾಣದಲ್ಲಿ ತಂದೆತಾಯಿಗಳು ಮಕ್ಕಳ ಪರವಾಗಿ ಬರೆಯುತ್ತಾರೆ. ಇಲ್ಲಿ ಮಕ್ಕಳು ತಮ್ಮ ಬಗ್ಗೆ ತಾವೇ ನಾಲ್ಕು ಸಾಲು ಬರೆದು ಚಿತ್ರ ಹಾಕುತ್ತಾರೆ. ಇಬ್ಬರೂ ಒಬ್ಬರನ್ನೊಬ್ಬರು ಒಪ್ಪಿದರೆ ಮಾತ್ರ ಪರಸ್ಪರ ಸಂದೇಶ ಕಳುಹಿಸಲು ದಾರಿ ತೆರೆಯುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮೈಕೆಲ್ ರೋಸೆನ್‌ಫೆಲ್ಡ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2017ರಲ್ಲಿ ಅಮೆರಿಕದಲ್ಲಿ ಪರಿಚಯವಾದ ಸ್ತ್ರೀಪುರುಷ ಜೋಡಿಗಳಲ್ಲಿ ನೂರಕ್ಕೆ ಸುಮಾರು 39 ಜೋಡಿಗಳು ಪರಿಚಯವಾದದ್ದು ಅಂತರ್ಜಾಲದಲ್ಲಿ. ಅಲ್ಲಿ ಗೆಳೆಯರು, ಬಂಧುಗಳು ಮಾಡುತ್ತಿದ್ದ ಪರಿಚಯದ ಕೆಲಸವನ್ನು ಯಂತ್ರ ವಹಿಸಿಕೊಂಡಿದೆ.

ಮೋಸವೂ ಇಲ್ಲಿ ಉಂಟು. ಸುಳ್ಳು ಹೆಸರು, ಬೇರೆಯವರ ಚಿತ್ರ, ಒಲವಿನ ಮಾತಾಡಿ ಹಣ ಕೀಳುವವರು, ಮದುವೆಯಾಗಿದ್ದೂ ಅವಿವಾಹಿತರೆನ್ನುವವರು ಎಲ್ಲರೂ ಇದ್ದಾರೆ. ವಿವಾಹ ಜಾಲತಾಣಗಳು ಸದಸ್ಯರ ಗುರುತನ್ನು ಪರಿಶೀಲಿಸಬೇಕೆಂದು ಕೇಂದ್ರ ಸರ್ಕಾರ 2016ರಲ್ಲಿ ಸೂಚನೆಗಳನ್ನು ಹೊರಡಿಸಬೇಕಾಗಿ ಬಂದದ್ದೂ ಇಂಥ ದೂರುಗಳಿಂದಲೇ. ನನ್ನ ಮಗಳು ಇದನ್ನೆಲ್ಲ ಬಲ್ಲವಳಾಗಿದ್ದಳು. ಮನೆಯ ವಿಳಾಸ ಕೊಡಲಿಲ್ಲ. ಹಣದ ಮಾತು ಬಂದಲ್ಲಿ ಸಂಪರ್ಕ ಕಡಿಯಬೇಕೆಂದು ನಿರ್ಧರಿಸಿದ್ದಳು. ಆ ಯುವಕನೊಡನೆ ಎರಡು ತಿಂಗಳು ಬರೆದು, ಮಾತನಾಡಿ, ವಿಡಿಯೋ ಕರೆಯಲ್ಲಿ ಮುಖ ನೋಡಿ, ಅವನು ದುಡಿಯುವ ಸಂಸ್ಥೆಯಲ್ಲಿದ್ದ ಪರಿಚಿತರೊಬ್ಬರಿಂದ ವಿಚಾರಿಸಿದ ಮೇಲೆಯೇ ಭೇಟಿಗೆ ಒಪ್ಪಿದಳು. ಅದೂ ಒಂದು ಭಾನುವಾರ ಹಾಡಹಗಲು, ಲಾಲ್‌ಬಾಗಿನಲ್ಲಿ, ಜೊತೆಯಲ್ಲಿ ವಾಸಿಸುವ ಗೆಳತಿಗೆ ಎಲ್ಲಿ ಇರುತ್ತೇನೆಂದು ತಿಳಿಸಿ. ನಾನು ಮೂರು ಸಂಬಂಧಗಳನ್ನು ಮನೆಯೊಳಗೆ ಕರೆತಂದಾಗ ಇದರ ಅರ್ಧದಷ್ಟು ವಿಚಾರಣೆಯನ್ನೂ ಮಾಡಿರಲಿಲ್ಲ. ಒಳಪಂಗಡ ಒಂದೇ ಎಂಬುದೇ ನನಗೆ ಸಾಕ್ಷಿಯಾಗಿತ್ತು.

ಇಬ್ಬರ ನಡುವೆ ಮೊದಲ ಮಾತು ಹುಟ್ಟಿದ್ದು ಕನ್ನಡದಿಂದ. ಆಕೆ ಇಂಗ್ಲಿಷಿನಲ್ಲಿ ಬರೆದ ಪರಿಚಯದ ಕೊನೆಗೆ ಒಂದು ಸಾಲನ್ನು ಕನ್ನಡದಲ್ಲಿ ಬರೆದಿದ್ದಳಂತೆ. ಆತ ಅದಕ್ಕೆ ಕನ್ನಡ ಲಿಪಿಯಲ್ಲಿಯೇ ಉತ್ತರಿಸಿದ. ಊರಿನ ಹೆಸರು, ಜೋಳದ ರೊಟ್ಟಿ, ಬೆಂಗಳೂರಿನಲ್ಲಿ ಒಳ್ಳೆಯ ಶೇಂಗಾ ಹಿಂಡಿ ಸಿಗದ ದುಃಖ, ಹೀಗೆ ಮಾತು ಬೆಳೆಯಿತು. ಓದಿದ ಪುಸ್ತಕ, ತಂದೆತಾಯಿಗಳ ಆರೋಗ್ಯ, ಸಾಲದ ಕಂತು, ಮುಂದೆ ಊರಿಗೆ ಹಿಂದಿರುಗುವ ಆಸೆ ಇದೆಯೋ ಇಲ್ಲವೋ ಎಂಬುದೂ ಬಂತು. ಇದನ್ನು ಕೇಳಿದಾಗ ನನಗೆ ಅನುಭವ ಮಂಟಪದ ನೆನಪಾಯಿತು. ಅಲ್ಲಿಗೆ ಬಂದ ಅಕ್ಕಮಹಾದೇವಿಯವರನ್ನು ಪ್ರಭುದೇವರು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿ ಅರಿತುಕೊಂಡ ಸಂದರ್ಭ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಆ ಮಹಾನುಭಾವರ ಸಂವಾದಕ್ಕೂ ಈ ಮಕ್ಕಳ ಸಂಭಾಷಣೆಗೂ ಹೋಲಿಕೆ ಸಲ್ಲದು. ಅದು ಅಂಗಗುಣ ಅಳಿದವರ ಮಾತು, ಇದು ಸಂಸಾರಕ್ಕೆ ಕಾಲಿಡುವವರ ಮಾತು. ಆದರೂ ಎದುರಿನವರನ್ನು ಅವರ ಮಾತಿನಿಂದ ಅರಿಯಬೇಕು ಎಂಬ ರೀತಿ ಒಂದೇ. ನಾನಾದರೋ ಮಾತಿಗೆ ಮುಂಚೆಯೇ ಕಾಲಂ ನೋಡುವವನು.

ಲಾಲ್‌ಬಾಗಿನ ಭೇಟಿಗೆ ಎರಡು ದಿನ ಮೊದಲು ಆ ಯುವಕ ತಾನಾಗಿಯೇ ಒಂದು ಸಂಗತಿ ಹೇಳಿದನಂತೆ. "ಭೇಟಿ ಆಗೂ ಮೊದಲ ನಿಮಗ ಹೇಳಿಬಿಡ್ತೀನ್ರಿ. ನಾವು ಹಡಪದ ಮಂದಿ. ನಮ್ಮ ಅಪ್ಪಂದು ಊರಾಗ ಕಟಿಂಗ್ ಅಂಗಡಿ ಐತಿ. ಇದನ್ನ ಹೇಳಿದ ಮ್ಯಾಲ ಹಿಂದ ಇಬ್ಬರು ಮಾತು ಬಿಟ್ಟಾರ. ನೀವೂ ಬಿಟ್ರ ನಾ ಏನೂ ಅನ್ನಂಗಿಲ್ಲ." ಮಗಳು ಕೂಡಲೇ ಉತ್ತರಿಸಲಿಲ್ಲವಂತೆ. ತನಗಾಗಿ ಅಲ್ಲ, ನಮಗಾಗಿ ಯೋಚಿಸಿದಳಂತೆ. ಮರುದಿನ ಬೆಳಿಗ್ಗೆ, "ನಾ ಮಾತು ಬಿಡಂಗಿಲ್ಲ. ಆದ್ರ ನಮ್ಮ ಅಪ್ಪಾಜಿ ಮಠದಾಗ ಪ್ರವಚನ ಹೇಳ್ತಾರ" ಎಂದು ಬರೆದಳು. ಅದಕ್ಕೆ ಆತನ ಉತ್ತರ ಹೀಗಿತ್ತು: "ಹಂಗಾದ್ರ ಅಂಜಿಕಿ ಇಲ್ಲ ಬಿಡ್ರಿ."

ಈ ಒಂದು ಮಾತನ್ನು ಮಗಳು ನನಗೆ ಬಹಳ ದಿನ ಹೇಳಿರಲಿಲ್ಲ. ಹೇಳಿದ ದಿನ ನನಗೆ ಊಟ ಸೇರಲಿಲ್ಲ. ಶರಣರ ಮಾತು ಹೇಳುವವರ ಮನೆಯಲ್ಲಿ ತನಗೆ ಅಂಜಿಕೆ ಇಲ್ಲವೆಂದು ಒಬ್ಬ ಯುವಕ ನಂಬಿದ್ದ. ಆ ನಂಬಿಕೆಗೆ ನಾನು ಅರ್ಹನಲ್ಲವೆಂಬುದು ನನ್ನ ಮಗಳಿಗೆ ಗೊತ್ತಿತ್ತು.

2025ರ ಮಹಾಶಿವರಾತ್ರಿಗೆ ಆಕೆ ಊರಿಗೆ ಬಂದಿದ್ದಳು. ಮರುದಿನ ಬೆಳಿಗ್ಗೆ ನಾನು ಪೂಜೆ ಮುಗಿಸಿ ಎದ್ದ ಮೇಲೆ ಎದುರಿಗೆ ಕುಳಿತು ಎಲ್ಲವನ್ನೂ ಹೇಳಿದಳು. ಒಂದೂವರೆ ವರ್ಷದ ಪರಿಚಯ, ಇಬ್ಬರ ವಿಚಾರ ಒಂದಾಗಿರುವುದು, ಹಿರಿಯರ ಒಪ್ಪಿಗೆ ಇಲ್ಲದೆ ಮುಂದುವರಿಯಬಾರದೆಂಬ ಇಬ್ಬರ ತೀರ್ಮಾನ. ಹುಡುಗ ಯಾವ ಗುಣದವನು, ಯಾವ ವ್ಯಸನವಿಲ್ಲದವನು ಎಂದು ನಾನು ಕೇಳಬೇಕಿತ್ತು. ನನ್ನ ಬಾಯಿಂದ ಬಂದ ಮೊದಲ ಪ್ರಶ್ನೆ, "ಯಾರ ಪೈಕಿ?"

ಹೇಳಿದಳು.

"ಸಮಾಜ ಏನಂದೀತು?" ಎಂದೆ.

ಆಕೆ ವಾದಿಸಲಿಲ್ಲ. ಎದ್ದು ನಿಂತು, "ಹ್ವಾದ ಶ್ರಾವಣದಾಗ ಮೂರನೇ ದಿನ ನೀವು ಯಾರ ಚರಿತ್ರಾ ಹೇಳಿದ್ರಿ ಅಪ್ಪಾಜಿ?" ಎಂದು ಕೇಳಿ ಒಳಗೆ ಹೋದಳು.

2024ರ ಶ್ರಾವಣದ ಮೂರನೆಯ ದಿನ ನಾನು ಹೇಳಿದ್ದು ಹಡಪದ ಅಪ್ಪಣ್ಣನವರ ಚರಿತ್ರೆ.

ಅಪ್ಪಣ್ಣನವರು ಅಣ್ಣ ಬಸವಣ್ಣನವರ ಪರಮಾಪ್ತರು. ಅಣ್ಣನವರ ತಾಂಬೂಲದ ಹಡಪವನ್ನು ಹಿಡಿಯುವ ಕಾಯಕ ಅವರದು. ನಮ್ಮ ಸೀಮೆಯಲ್ಲಿ ಕ್ಷೌರಿಕರ ಸಾಮಾನಿನ ಚೀಲಕ್ಕೂ ಹಡಪವೆಂದೇ ಹೆಸರು. ಅಪ್ಪಣ್ಣನವರೂ ಅವರ ಧರ್ಮಪತ್ನಿ ಲಿಂಗಮ್ಮನವರೂ ಇಬ್ಬರೂ ವಚನಕಾರರು. ಬಸವಪ್ರಿಯ ಕೂಡಲಚೆನ್ನಬಸವಣ್ಣ ಎಂಬುದು ಪತಿಯ ಅಂಕಿತ. ಅಪ್ಪಣ್ಣಪ್ರಿಯ ಚೆನ್ನಬಸವಣ್ಣ ಎಂಬುದು ಸತಿಯ ಅಂಕಿತ. ಅಣ್ಣನವರು ಕೂಡಲಸಂಗಮಕ್ಕೆ ತೆರಳಿದ ಮೇಲೆ ನೀಲಾಂಬಿಕೆಯವರನ್ನು ಅಲ್ಲಿಗೆ ಕರೆತರುವ ಹೊಣೆಯನ್ನು ನಂಬಿ ಒಪ್ಪಿಸಿದ್ದು ಈ ಅಪ್ಪಣ್ಣನವರಿಗೇ ಎಂದು ಪರಂಪರೆ ಹೇಳುತ್ತದೆ. ಕೃಷ್ಣೆಯ ದಂಡೆಯ ತಂಗಡಗಿಯಲ್ಲಿ ನೀಲಮ್ಮನವರ ಐಕ್ಯಸ್ಥಳವಿದೆ. ಇದನ್ನೆಲ್ಲ ವೇದಿಕೆಯ ಮೇಲೆ ಕುಳಿತು ಗದ್ಗದಿತನಾಗಿ ಹೇಳಿದವನು ನಾನು.

ಆ ದಿನಗಳಲ್ಲಿ ನನಗೆ ಮರೆತುಹೋಗಿದ್ದ ಒಂದು ಚಿತ್ರ ನೆನಪಿಗೆ ಬಂತು. ನಾನು ಚಿಕ್ಕವನಿದ್ದಾಗ ನಮ್ಮ ಹಳ್ಳಿಯ ಮನೆಗೆ ಕ್ಷೌರ ಮಾಡಲು ಒಬ್ಬ ಹಿರಿಯರು ಬರುತ್ತಿದ್ದರು. ಸುಗ್ಗಿಯಲ್ಲಿ ಅವರಿಗೆ ಆಯದ ಜೋಳ ಅಳೆದುಕೊಡುವ ಪದ್ಧತಿ. ಅವರು ಮನೆಯೊಳಗೆ ಬಂದುದನ್ನು ನಾನು ನೋಡಿಲ್ಲ, ಹಿತ್ತಲಲ್ಲಿ ಕೂರುತ್ತಿದ್ದರು. ನೀರು ಕೇಳಿದರೆ ನನ್ನ ಅಜ್ಜಿ ತಂಬಿಗೆಯನ್ನು ಎತ್ತರಕ್ಕೆ ಹಿಡಿದು ಅವರ ಬೊಗಸೆಗೆ ಸುರಿಯುತ್ತಿದ್ದಳು. ಆ ಹಿರಿಯರ ಹಣೆಯ ಮೇಲೂ ನಮ್ಮ ಹಣೆಯ ಮೇಲಿದ್ದಂಥದೇ ವಿಭೂತಿ ಇತ್ತು. ಅಜ್ಜಿ ಲಿಂಗಪೂಜೆ ಮಾಡದೆ ತೊಟ್ಟು ನೀರು ಕುಡಿದವಳಲ್ಲ. ಆಕೆಗೆ ಯಾರೂ ಶಿವಾಚಾರದ ಅರ್ಥ ಹೇಳಿರಲಿಲ್ಲ. ನನಗೆ ಗೊತ್ತಿತ್ತು. ತಿಳಿಯದೆ ಮಾಡಿದ್ದಕ್ಕಿಂತ ತಿಳಿದು ಮಾಡಿದ್ದು ಹೆಚ್ಚಿನ ತಪ್ಪು. ಅಜ್ಜಿ ಎತ್ತರದಿಂದ ಸುರಿದ ನೀರಿಗೂ, ನಾನು ಗಣಕಯಂತ್ರದಲ್ಲಿ ಹಾಕಿಸಿದ ಗುರುತಿಗೂ ಏನು ವ್ಯತ್ಯಾಸ?

ತಿಂಗಳುಗಟ್ಟಲೆ ಮಗಳೊಡನೆ ಫೋನಿನಲ್ಲಿ ಹವೆ, ಊಟ, ಆರೋಗ್ಯ ಇಷ್ಟೇ ಮಾತು. ಅಷ್ಟರಲ್ಲಿ ಶ್ರಾವಣ ಬಂತು. ನನ್ನ ಸರದಿಯ ದಿನಗಳು ಹತ್ತಿರವಾದಂತೆ ಎದೆ ಭಾರವಾಯಿತು. ಪೂಜ್ಯ ಶ್ರೀಗಳ ಸನ್ನಿಧಿಗೆ ಹೋಗಿ ಈ ವರ್ಷ ನನ್ನನ್ನು ಬಿಡಬೇಕೆಂದು ಬೇಡಿಕೊಂಡೆ.

"ಯಾಕ್ರಿ ಮಾಸ್ತರ್ರೇ, ಆರಾಮ ಇಲ್ಲೇನು?" ಎಂದರು.

ಎಲ್ಲವನ್ನೂ ಹೇಳಿದೆ. ಕಾಲಂನ ಸಂಗತಿಯನ್ನೂ ಬಿಡಲಿಲ್ಲ. ಶ್ರೀಗಳು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ನಿಮ್ಮ ಮಗಳಿಗೆ ಲಿಂಗದೀಕ್ಷಾ ನಾವ ಕೊಟ್ಟೀವಿ. ಆ ಹುಡುಗಗ ಅವರ ಗುರುಗಳು ಕೊಟ್ಟಾರ. ಅವೆರಡೂ ಲಿಂಗ ಬ್ಯಾರೆ ಬ್ಯಾರೆ ಅಂತ ನಿಮಗ ಅನಸ್ತೈತೇನು? ಹಂಗ ಅನಿಸಿದ್ರ ಇನ್ನ ಮ್ಯಾಲ ಪ್ರವಚನ ಬ್ಯಾಡ. ಅನಸಂಗಿಲ್ಲ ಅಂದ್ರ ಮೊದಲ ಅವರ ಮನಿಗೆ ಹೋಗಿ ಬರ್ರಿ. ಪ್ರವಚನ ಆಮ್ಯಾಲ."

ಆ ಶ್ರಾವಣದಲ್ಲಿ ನನ್ನ ಸರದಿಯನ್ನು ಬೇರೊಬ್ಬ ಶರಣರು ನಡೆಸಿಕೊಟ್ಟರು. ನಾನು ಕೇಳುವವರ ಸಾಲಿನಲ್ಲಿ, ಕಂಬಕ್ಕೊರಗಿ ಕುಳಿತು ಕೇಳಿದೆ. ಬಂದವರ ಕುಲವನ್ನು ವಿಚಾರಿಸದೆ ತನ್ನವರೆಂದು ಎಣಿಸುವ ಅಣ್ಣನವರ ಭಾವವನ್ನು ಅವರು ವಿವರಿಸಿದಾಗ, ಈ ಮಾತು ನನಗೆ ಬಾಯಿಪಾಠವಿದೆ, ಆದರೆ ನಾನು ಇದನ್ನು ಎಂದೂ ಕೇಳಿಯೇ ಇಲ್ಲ ಎನಿಸಿತು.

ಶ್ರಾವಣ ಮುಗಿದ ಮೇಲೆ ದಾರಿ ತೆರೆದವಳು ನನ್ನ ಧರ್ಮಪತ್ನಿ. ಆಕೆ ಆ ಹುಡುಗನೊಡನೆ ವಿಡಿಯೋ ಕರೆಯಲ್ಲಿ ಆಗಲೇ ಎರಡು ಮೂರು ಸಲ ಮಾತನಾಡಿದ್ದಳೆಂಬುದು ನನಗೆ ಆಗ ತಿಳಿಯಿತು. "ತಂಗಡಗಿಗೆ ಹೋಗಿ ನೀಲಮ್ಮನ ದರ್ಶನ ಮಾಡ್ಕೊಂಡು ಬರೂಣು ನಡೀರಿ. ಅವರ ಊರೂ ಅಲ್ಲೇ ಸಮೀಪ ಐತಿ" ಎಂದಳು. ಅಗತ್ಯಕ್ಕಿಂತ ಹೆಚ್ಚಿಗೆ ಅಕ್ಕಿ ತಂದ ಪತಿಯನ್ನು ತಿದ್ದಿದ ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗವನ್ನು ನಾನು ಎಷ್ಟೋ ಸಲ ಹೇಳಿದ್ದೇನೆ. ನನ್ನ ಮನೆಯಲ್ಲಿಯೂ ತಿದ್ದುವವಳು ಇದ್ದಾಳೆಂಬುದನ್ನು ಗಮನಿಸಿರಲಿಲ್ಲ.

ಮುದ್ದೇಬಿಹಾಳ ತಾಲ್ಲೂಕಿನ ಆ ಊರಿನಲ್ಲಿ ಅವರದು ಎರಡು ಕೋಣೆಯ ಮನೆ. ಪಡಸಾಲೆಯಲ್ಲಿ ಅಣ್ಣನವರ ಭಾವಚಿತ್ರ. ಅದರ ಕೆಳಗೆ ಎರಡು ಕುರ್ಚಿಗಳನ್ನು ನಮಗಾಗಿ ಹಾಕಿದ್ದರು. ಹುಡುಗ ಬೆಂಗಳೂರಿನಿಂದ ಬಂದಿದ್ದ. ಪಾದಮುಟ್ಟಿ ಶರಣು ಮಾಡಿ ತಾಯಿಗೆ ನೆರವಾಗಲು ಒಳಗೆ ಹೋದ. ಅವನ ತಂದೆ ಮಾತ್ರ ಕೂರಲಿಲ್ಲ. ತಮ್ಮ ಮನೆಯಲ್ಲಿಯೇ, ಬಾಗಿಲ ಚೌಕಟ್ಟಿನ ಹತ್ತಿರ, ಟವೆಲ್ಲನ್ನು ಕಂಕುಳಲ್ಲಿ ಹಿಡಿದು ನಿಂತೇ ಇದ್ದರು. ವಯಸ್ಸಿನಲ್ಲಿ ನನ್ನ ಸರೀಕರು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಕರಡಿಗೆ. ಬಹಳ ಹೊತ್ತಿನ ಮೇಲೆ ನೆಲ ನೋಡುತ್ತ ಹೇಳಿದರು: "ಹುಡುಗಗ ತಿಳೀಲಿಲ್ರಿ ಗುರುಗಳ. ದೊಡ್ಡವರ ಮನಿ ಹುಡುಗಿ. ಅವನ ಪರವಾಗಿ ನಾ ತಪ್ಪಾತು ಅಂತೀನ್ರಿ."

ಶರಣಬಂಧುಗಳೇ, ಅಲ್ಲಿಯವರೆಗೆ ನಾನು ಇನ್ನೂ ನಿರ್ಧಾರ ಮಾಡಿರಲಿಲ್ಲ. ನೋಡಿ ಬರೋಣ, ಆಮೇಲೆ ಯೋಚಿಸೋಣ ಎಂದು ಹೋದವನು. ಆದರೆ ತಪ್ಪು ಮಾಡಿದವನು ಕುರ್ಚಿಯ ಮೇಲೆ ಕುಳಿತಿದ್ದ, ತಪ್ಪಿಲ್ಲದವರು ನಿಂತು ಕ್ಷಮೆ ಕೇಳುತ್ತಿದ್ದರು. ನಾನು ಎದ್ದು ಅವರ ಕೈಹಿಡಿದೆ. "ಕುಂದರ್ರಿ ಬೀಗರ" ಎಂದೆ. ಆ ಶಬ್ದ ನನ್ನ ಬಾಯಿಂದ ಬಂದದ್ದು ನನಗೇ ಆಮೇಲೆ ತಿಳಿಯಿತು. ನನ್ನ ಪತ್ನಿ ತಲೆ ತಗ್ಗಿಸಿ ಕಣ್ಣೊರೆಸಿಕೊಂಡಳು. ಆ ಮಧ್ಯಾಹ್ನ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಕೆನೆಮೊಸರು ಕೂಡಿ ಕುಳಿತು ಉಂಡೆವು. ಸಂಜೆ ತಂಗಡಗಿಯಲ್ಲಿ ನೀಲಮ್ಮನವರ ಸನ್ನಿಧಿಯಲ್ಲಿ ಕುಳಿತಾಗ, ಕೂಡಿ ಉಣ್ಣುವುದು ಆಯಿತು, ಕೊಟ್ಟು ತರುವುದು ಉಳಿಯಿತು ಎಂದುಕೊಂಡೆ.

2025ರ ನವೆಂಬರ್ ತಿಂಗಳ ಒಂದು ಭಾನುವಾರ ನಮ್ಮ ಮನೆಯಲ್ಲಿ ನಿಶ್ಚಿತಾರ್ಥ ನೆರವೇರಿತು. ಮುಹೂರ್ತ ಕೇಳಲಿಲ್ಲ, ಇಬ್ಬರಿಗೂ ರಜೆಯ ದಿನವಾದುದರಿಂದ ಭಾನುವಾರ. ಶ್ರೀಗಳು ದಯಮಾಡಿಸಿದ್ದರು. ಶರಣರ ವಚನಗಳ ಗಾಯನವಾಯಿತು. ಬೀಗಿತ್ತಿಯವರು ಮಗಳಿಗೆ ಸೀರೆ ಕೊಟ್ಟು ಉಡಿ ತುಂಬಿದರು. ನಾವು ಹುಡುಗನಿಗೆ ವಿಭೂತಿ ಧರಿಸಿ ವಸ್ತ್ರ ಕೊಟ್ಟೆವು. ಕೊಡುಕೊಳ್ಳುವ ಮಾತಿಲ್ಲವೆಂದು ಎರಡೂ ಕಡೆಯವರು ಹಿರಿಯರೆದುರು ಒಪ್ಪಿಕೊಂಡೆವು. ಮಗಳ ಕಚೇರಿಯ ಗೆಳತಿಯರು, ಹುಡುಗನ ಊರಿನ ಗೆಳೆಯರು ಬಂದಿದ್ದರು. ನನ್ನ ಅಣ್ಣನವರು ಬರಲಿಲ್ಲ. ಎರಡು ಸಲ ಹೋಗಿ ಕರೆದು ಬಂದಿದ್ದೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರಂತೆಯೇ ನಾನೂ ಇದ್ದವನು. ಮದುವೆಗೆ ಮತ್ತೆ ಹೋಗಿ ಕರೆಯುತ್ತೇನೆ.

ಅಂದು ರಾತ್ರಿ ಎಲ್ಲರೂ ಮಲಗಿದ ಮೇಲೆ, 2021ರಲ್ಲಿ ತೆರೆದಿದ್ದ ಆ ವಿವಾಹ ಜಾಲತಾಣದ ಪುಟವನ್ನು ಅಳಿಸಲು ಕುಳಿತೆ. ನಾನು ಹಾಕಿಸಿದ ಗುರುತು ಹಾಗೆಯೇ ಇತ್ತು. ಪುಟ ಅಳಿಸುವ ಮುಂಚೆ ಆ ಗುರುತನ್ನು ತೆಗೆದೆ. ಹೇಗಿದ್ದರೂ ಅಳಿಸುವ ಪುಟ. ಅದರಿಂದ ಯಾರಿಗೂ ಪ್ರಯೋಜನವಿರಲಿಲ್ಲ. ಆದರೂ ಹಾಕಿಸಿದವನೇ ತೆಗೆಯಬೇಕಿತ್ತು.

ಮಕ್ಕಳೆಲ್ಲರೂ ಡೇಟಿಂಗ್ ತಾಣಗಳಿಗೇ ಹೋಗಲಿ ಎಂದು ನಾನು ಹೇಳುತ್ತಿಲ್ಲ. ಯಂತ್ರಕ್ಕೆ ಒಳ್ಳೆಯದೂ ಗೊತ್ತಿಲ್ಲ, ಕೆಟ್ಟದ್ದೂ ಗೊತ್ತಿಲ್ಲ. ನಾವು ಏನನ್ನು ಕೇಳುತ್ತೇವೆಯೋ ಅದನ್ನು ಹುಡುಕಿಕೊಡುತ್ತದೆ. ನಾನು ಒಳಪಂಗಡ ಕೇಳಿದೆ, ಅದು ಒಳಪಂಗಡವನ್ನು ತಂದುಕೊಟ್ಟಿತು. ಮಗಳು ತನ್ನೊಡನೆ ಮಾತನಾಡಬಲ್ಲ ಮನುಷ್ಯನನ್ನು ಕೇಳಿದಳು, ಅದು ಅವನನ್ನು ತೋರಿಸಿತು. 2011-12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯಲ್ಲಿ ಅಂತರ್ಜಾತಿ ವಿವಾಹಗಳ ಪ್ರಮಾಣ ನೂರಕ್ಕೆ ಸುಮಾರು 5 ಮಾತ್ರ. 12ನೆಯ ಶತಮಾನದ ಕಲ್ಯಾಣದಲ್ಲಿ ಹಾಕಿದ ಹೆಜ್ಜೆಯನ್ನು ನಾವು ಇನ್ನೂ ಪೂರ್ತಿ ಎತ್ತಿಲ್ಲ. ನಮ್ಮ ವಿಷಯದಲ್ಲಂತೂ ಅದು ಅಂತರ್ಜಾತಿ ವಿವಾಹವೂ ಅಲ್ಲ. ಲಿಂಗವಂತರಿಗೂ ಲಿಂಗವಂತರಿಗೂ ಆದ ಸಂಬಂಧ. ಅಷ್ಟಕ್ಕೇ ಒಬ್ಬ ಪ್ರವಚನಕಾರನಿಗೆ ಎಂಟು ತಿಂಗಳು ಬೇಕಾಯಿತು.

ಮಕ್ಕಳ ಮದುವೆಗೆ ಹೊರಟ ತಂದೆತಾಯಿಗಳಲ್ಲಿ ನನ್ನ ವಿನಂತಿ ಇಷ್ಟೇ. ಮಗ ಅಥವಾ ಮಗಳು ಎದುರಿಗೆ ಕುಳಿತು ಒಂದು ಹೆಸರು ಹೇಳಿದಾಗ ಗುಣ ಕೇಳಿರಿ, ವ್ಯಸನ ಕೇಳಿರಿ, ಕಾಯಕ ಕೇಳಿರಿ. ಹುಡುಗ ಹೇಳಿದ್ದೆಲ್ಲ ನಿಜವೋ ಎಂದು ಹೋಗಿ ವಿಚಾರಿಸಿರಿ. ಅದು ಹಿರಿಯರ ಹೊಣೆ, ಅಂತರ್ಜಾಲದ ಕಾಲದಲ್ಲಿ ಇನ್ನೂ ಹೆಚ್ಚಿನ ಹೊಣೆ. ಯಾರ ಪೈಕಿ ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂದೇ ಬರುತ್ತದೆ. ಬಂದಾಗ ಒಂದು ಕ್ಷಣ ಎದೆಯ ಮೇಲಿನ ಲಿಂಗವನ್ನು ಮುಟ್ಟಿಕೊಳ್ಳಿರಿ. ಅರ್ಜಿಯಲ್ಲಿ ಆ ಕಾಲಂ ಬಂದರೆ ಖಾಲಿ ಬಿಡಿರಿ.

ಬರುವ ಶ್ರಾವಣದಲ್ಲಿ ನನ್ನ ಸೇವೆಯನ್ನು ಮತ್ತೆ ಆರಂಭಿಸಲು ಶ್ರೀಗಳು ಅಪ್ಪಣೆ ಕೊಡಿಸಿದ್ದಾರೆ. ಮೊದಲ ದಿನ ಶಿವಾಚಾರದ ವಿಷಯವನ್ನೇ ಹೇಳಬೇಕೆಂದಿದ್ದೇನೆ. ಬೀಗರೂ ಬರುತ್ತೇನೆಂದಿದ್ದಾರೆ. ಮುಂದಿನ ಸಾಲಿನಲ್ಲಿ ಕೂರಬೇಕೆಂದು ಅವರಿಗೆ ಹೇಳಿದ್ದೇನೆ.